ಯಂತ್ರ ಬದಲಾದರೂ ಉಳಿದ ಯುನಿಕ್ಸ್

ಕೈಯಲ್ಲಿರುವ ಆಂಡ್ರಾಯ್ಡ್ ಫೋನು, ಎಷ್ಟೋ ಮನೆಗಳ ವೈಫೈ ರೂಟರು, ದೊಡ್ಡ ಸೂಪರ್ ಕಂಪ್ಯೂಟರು. ಇವುಗಳ ಪ್ರೊಸೆಸರ್ ಬೇರೆ ಬೇರೆ, ಆದರೂ ಒಳಗಿರುವುದು ಲಿನಕ್ಸ್ ಎಂಬ ಒಂದೇ ತಿರುಳು. ಅರ್ಧ ಶತಮಾನದ ಹಿಂದೆ ಇದು ಯೋಚಿಸಲೂ ಕಷ್ಟವಾದ ಸಂಗತಿ.

ಆಗ ಆಪರೇಟಿಂಗ್ ಸಿಸ್ಟಂಗಳನ್ನು ಹೆಚ್ಚಾಗಿ ಒಂದು ಯಂತ್ರಕ್ಕಾಗಿ, ಆ ಯಂತ್ರದ್ದೇ ಅಸೆಂಬ್ಲಿ ಭಾಷೆಯಲ್ಲಿ ಬರೆಯುತ್ತಿದ್ದರು. ಯಂತ್ರ ಹಳತಾದರೆ ವರ್ಷಗಟ್ಟಲೆಯ ದುಡಿಮೆಯೂ ಮೂಲೆಗೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಪಿಡಿಪಿ-7 ಯಂತ್ರದ ಮೇಲೆ ಶುರುಮಾಡಿದ ಯುನಿಕ್ಸ್ ಕೂಡ ಹೀಗೆಯೇ ಹುಟ್ಟಿದ್ದು.

1973ರಲ್ಲಿ, ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ಯುನಿಕ್ಸ್‌ನ ತಿರುಳನ್ನು ಹೊಸದಾಗಿ ಬರೆದರು. ನಮ್ಮ ಫಾರ್ಮಸಿಯ ಮಾತಿನಲ್ಲಿ ಹೇಳುವುದಾದರೆ, ಇದು ಬ್ರ್ಯಾಂಡ್ ಬಿಟ್ಟು ಜೆನೆರಿಕ್ ಹೆಸರು ಬರೆದಂತೆ. ಊರಿನ ಡಾಕ್ಟರ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಷ್ಟೇ ಇದ್ದರೆ ಗಲ್ಫಿನಲ್ಲಿ ಹುಡುಕಾಡಬೇಕು. ‘ಆಮ್ಲೋಡಿಪಿನ್ 5 ಮಿ.ಗ್ರಾಂ’ ಎಂದಿದ್ದರೆ ಇಲ್ಲಿ ಸಿಗುವ ಮಾತ್ರೆಯನ್ನೇ ಕೊಡಬಹುದು. ಹಾಗೆ ಸಿ ಭಾಷೆಯಲ್ಲಿ ಬರೆದದ್ದನ್ನು ಆಯಾ ಯಂತ್ರದ ಸೂಚನೆಗಳಾಗಿ ಬದಲಿಸುವುದು ಕಂಪೈಲರ್‌ನ ಕೆಲಸ.

ಆದರೆ ಭಾಷೆ ಬದಲಾದ ಮಾತ್ರಕ್ಕೆ ಎಲ್ಲ ಸಲೀಸಾಗಲಿಲ್ಲ. 1977ರ ಹೊತ್ತಿಗೆ ಆಸ್ಟ್ರೇಲಿಯಾದ ವುಲ್ಲಾಂಗಾಂಗ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಮಿಲ್ಲರ್ ಇಂಟರ್‌ಡೇಟಾ 7/32 ಯಂತ್ರಕ್ಕೆ ಯುನಿಕ್ಸ್ ಒಯ್ದರು. ಬೆಲ್ ಲ್ಯಾಬ್ಸ್‌ನಲ್ಲಿ ರಿಚಿ ಮತ್ತು ಸ್ಟೀವ್ ಜಾನ್ಸನ್ 8/32ಕ್ಕೆ ಒಯ್ದರು. ಹಳೆಯ ಪಿಡಿಪಿ-11 ಯಂತ್ರ 16 ಬಿಟ್‌ನದು, ಹೊಸವು 32 ಬಿಟ್‌ನವು. ಬೈಟುಗಳನ್ನು ಜೋಡಿಸುವ ಕ್ರಮವೂ ತಿರುಗುಮುರುಗು. ಯು-ಎನ್-ಐ-ಎಕ್ಸ್ ಎಂಬ ಅಕ್ಷರಗಳು ಎನ್-ಯು-ಎಕ್ಸ್-ಐ ಆಗಿಬಿಡಬಹುದಾದ್ದರಿಂದ ಈ ತೊಡಕಿಗೆ ‘ನುಕ್ಸಿ’ ಎಂದೇ ಹೆಸರು ಬಿತ್ತು. ಔಷಧದ ಪೆಟ್ಟಿಗೆಯ ಮೇಲಿನ 04/03 ಎಂಬುದನ್ನು ಒಬ್ಬರು ಮಾರ್ಚ್ 4 ಎಂದು, ಇನ್ನೊಬ್ಬರು ಏಪ್ರಿಲ್ 3 ಎಂದು ಓದುವುದಿಲ್ಲವೇ, ಹಾಗೆ. ಬರೆದವರು ‘ಎಲ್ಲರೂ ಹೀಗೆಯೇ ಓದುತ್ತಾರೆ’ ಎಂದುಕೊಂಡ ಜಾಗಗಳೆಲ್ಲ ಹೊಸ ಯಂತ್ರದಲ್ಲಿ ಬಯಲಾದವು. ಅವನ್ನು ಹುಡುಕಿ, ಯಂತ್ರಕ್ಕೆ ಅಂಟಿಕೊಂಡ ಸಣ್ಣ ಭಾಗವನ್ನು ಉಳಿದದ್ದರಿಂದ ಬೇರ್ಪಡಿಸುವುದೇ ಪೋರ್ಟಿಂಗ್‌ನ ಮುಖ್ಯ ಪಾಠವಾಯಿತು.

1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಶುರುಮಾಡಿದಾಗ, ಅದು ಇಂಟೆಲ್ 386ಕ್ಕೇ ಕಟ್ಟುಬಿದ್ದಿತ್ತು. ಬೇರೆ ಯಂತ್ರಕ್ಕೆ ಒಯ್ಯಲಾಗದೆಂದು ಅವರೇ ಹೇಳಿದ್ದರು. 1994ರಲ್ಲಿ ಡಿಜಿಟಲ್ ಕಂಪನಿಯ ಜಾನ್ ಹಾಲ್ ಅವರಿಗೆ 64 ಬಿಟ್‌ನ ಆಲ್ಫಾ ಯಂತ್ರವೊಂದನ್ನು ಕೊಡಿಸಿದರು. ಅದಕ್ಕಾಗಿ ಲಿನಸ್ ತಿರುಳನ್ನು ಸಾಕಷ್ಟು ತಿದ್ದಿ, ಯಂತ್ರಕ್ಕೆ ಸೇರಿದ್ದನ್ನು ಪ್ರತ್ಯೇಕಿಸಿದರು. 1995ರ 1.2 ಆವೃತ್ತಿಯಲ್ಲಿ ಆಲ್ಫಾಕ್ಕೂ ಜಾಗ ಸಿಕ್ಕಿತು. ರಸೆಲ್ ಕಿಂಗ್ ಲಿನಕ್ಸ್ ಅನ್ನು ಆರ್ಮ್ ಪ್ರೊಸೆಸರ್‌ಗೆ ಒಯ್ದದ್ದೂ ಆ ವರ್ಷಗಳಲ್ಲೇ. 2008ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಇದ್ದದ್ದು ಆರ್ಮ್ ಪ್ರೊಸೆಸರ್, ಒಳಗೆ ಲಿನಕ್ಸ್.

ಆಲ್ಫಾ ಇಂದು ಮಾರುಕಟ್ಟೆಯಲ್ಲಿಲ್ಲ. ಡಿಜಿಟಲ್ ಕಂಪನಿಯೂ ಇಲ್ಲ. ಆದರೆ ಆ ಯಂತ್ರಕ್ಕಾಗಿ ಪಟ್ಟ ಶ್ರಮದ ಫಲ ನಮ್ಮ ಜೇಬುಗಳಲ್ಲಿದೆ. ನಾವು ಊರಿಗೆ ಫೋನು ಮಾಡಿದಾಗಲೆಲ್ಲ ಅದು ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ.