ಹಾಲೆಂಡ್ ಡೈರಿ, ಭಾಗ 14: ಉಟ್ರೆಕ್ಟಿನ ಹೆಂಗಸರು ಕೊಟ್ಟ ಉಗುರು

ಹೋದ ಸಲ ನಾನು ಸೈಕಲ್ ಕಲಿತ ಕಥೆ ಓದಿ ನಕ್ಕವರೆಲ್ಲ ಈ ಸಲ ಸ್ವಲ್ಪ ಸಮಾಧಾನವಾಗಿ ಕೂತು ಓದಿ. ಇದು ಹೆಂಗಸರ ವಿಷಯ, ಆದರೆ ಅಣ್ಣಂದಿರು, ಮಾವಂದಿರೂ ಓದಬೇಕು. ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ನೀವೇ ತಾನೆ?

ನನ್ನ ಜೊತೆ ಕೆಲಸ ಮಾಡುವ ಡಚ್ ನರ್ಸ್ ಒಬ್ಬಳಿಗೆ ಐವತ್ತು ತುಂಬಿತು. ಸ್ವಲ್ಪ ದಿನಕ್ಕೆ ಮನೆಗೆ ಒಂದು ಪತ್ರ ಬಂತು. ಸೂಪರ್ ಮಾರ್ಕೆಟ್ ಪಕ್ಕ ನಿಂತಿದ್ದ ದೊಡ್ಡ ಟ್ರೈಲರ್ ಗಾಡಿಯೊಳಗೆ ಹೋಗಿ ಮ್ಯಾಮೋಗ್ರಾಂ, ಅಂದರೆ ಎದೆಯ ಎಕ್ಸ್‌ರೇ, ತೆಗೆಸಿಕೊಂಡಳು. ಆಮೇಲೆ ಹಾಲು, ಬ್ರೆಡ್ಡು ಕೊಂಡು ಮನೆಗೆ ಹೋದಳಂತೆ. "ಕಾಯಿಲೇನೇ ಇಲ್ಲ, ಪರೀಕ್ಷೆ ಯಾಕೆ?" ಅಂತ ನಾನು ಕೇಳಲಿಲ್ಲ. ನಮ್ಮ ದೊಡ್ಡಮ್ಮ ಇದ್ದಿದ್ದರೆ ಕೇಳೇ ಕೇಳುತ್ತಿದ್ದರು.

ದೊಡ್ಡಮ್ಮನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಎದೆಯಲ್ಲಿ ಗಂಟು ಸಿಕ್ಕಿದ್ದನ್ನು ಎಂಟು ತಿಂಗಳು ಸೆರಗಿನ ಮರೆಯಲ್ಲಿ ಇಟ್ಟುಕೊಂಡಿದ್ದರು. "ನೋವಿಲ್ಲ ಕಣೇ. ಐದು ಮಕ್ಕಳಿಗೆ ಹಾಲು ಕುಡಿಸಿದೋಳು, ಮುದ್ದೆ ಸೊಪ್ಪು ತಿಂದು ಹೊಲ ಗೇದೋಳು, ಪೇಟೆಯವರ ಕಾಯಿಲೆ ನನಗೆಲ್ಲಿಂದ ಬರುತ್ತೆ?" ಅನ್ನುತ್ತಿದ್ದರು. ಬೆಂಗಳೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಅದು ಕಂಕುಳು ದಾಟಿತ್ತು. ಆಗ ನಾನು ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷ. ನನಗೇ ಹೇಳಿರಲಿಲ್ಲ.

ಅವರ ಲೆಕ್ಕ ಪೂರ್ತಿ ತಪ್ಪೂ ಅಲ್ಲ. ಅದನ್ನು ಹೇಳೋಕೇ ಈ ಹಳೇ ಕಥೆ.

ಈ ದೇಶದ ಮಧ್ಯದಲ್ಲಿ ಉಟ್ರೆಕ್ಟ್ ಅಂತ ಒಂದು ಊರಿದೆ. ಅಲ್ಲಿ 1974ರ ಕೊನೆಯಲ್ಲಿ ಫ್ರಿಟ್ಸ್ ಡಿ ವಾರ್ಡ್ ಅನ್ನುವ ಸಂಶೋಧಕರ ತಂಡ 50ರಿಂದ 64 ವಯಸ್ಸಿನ, ಏನೂ ಕಾಯಿಲೆ ಇಲ್ಲದ ಹೆಂಗಸರನ್ನು ಕರೆದು ಎದೆ ಪರೀಕ್ಷೆ ಶುರು ಮಾಡಿತು. ಯೋಜನೆಯ ಹೆಸರು ಡಾಮ್. ಮರುವರ್ಷ ನೈಮೇಗನ್ ಊರಿನಲ್ಲೂ ಅಂಥದ್ದೇ ಒಂದು ಶುರುವಾಯಿತು. ಪರೀಕ್ಷೆಗೆ ಬಂದವರಲ್ಲಿ ಈ ಕಾಯಿಲೆಯಿಂದ ಸಾವು ಕಡಿಮೆ ಅಂತ 1984ರಲ್ಲಿ ಎರಡೂ ಊರಿನವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. 1989ರಿಂದ ಇಡೀ ದೇಶಕ್ಕೆ ಹಂತಹಂತವಾಗಿ ಬಂತು, 1998ರಲ್ಲಿ ವಯಸ್ಸಿನ ಮಿತಿ 75ಕ್ಕೆ ಏರಿತು. ನನ್ನ ಗೆಳತಿಗೆ ಬಂದ ಪತ್ರ ಅದರದ್ದೇ, ಎರಡು ವರ್ಷಕ್ಕೊಂದು ಸಲ ಬರುತ್ತೆ.

ನನಗೆ ಇಷ್ಟವಾಗಿದ್ದು ಎಕ್ಸ್‌ರೇ ಕಥೆಯಲ್ಲ. ಆ ಹೆಂಗಸರು ಕೊಟ್ಟು ಹೋದ ಬೇರೆ ವಸ್ತುಗಳು. ಅವರಿಂದ ರಾತ್ರಿಯ ಮೂತ್ರ ತೆಗೆದುಕೊಂಡು ಫ್ರೀಜರಿನಲ್ಲಿ ಇಟ್ಟರು, ಹಾರ್ಮೋನ್ ಲೆಕ್ಕ ನೋಡೋಕೆ. ಆಮೇಲೆ ಬಂದ ಗುಂಪಿನವರಿಂದ ಕಾಲಿನ ಉಗುರು ಕತ್ತರಿಸಿ ಇಟ್ಟುಕೊಂಡರು! ಸೆಲೆನಿಯಂ ಅನ್ನುವ ಖನಿಜ ಮೈಯಲ್ಲಿ ಹೆಚ್ಚಿದ್ದರೆ ಕ್ಯಾನ್ಸರ್ ಬರಲ್ಲ ಅಂತ ಆಗ ದೊಡ್ಡ ಸುದ್ದಿ. ಮುಂದೆ ಕ್ಯಾನ್ಸರ್ ಬಂದವರ ಉಗುರನ್ನೂ ಬಾರದವರ ಉಗುರನ್ನೂ ಹೋಲಿಸಿ ನೋಡಿದರು. ಅಂಥ ರಕ್ಷಣೆಯೇನೂ ಕಾಣಲಿಲ್ಲ, 1987ರಲ್ಲೇ ಬರೆದಿಟ್ಟರು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಮಾತ್ರ ಸೆಲೆನಿಯಂ ಮಾತ್ರೆಯ ಫಾರ್ವರ್ಡ್ ಹೋದ ತಿಂಗಳೂ ಬಂತು, ಯಾರು ಕಳಿಸಿದ್ದು ಅಂತ ಹೇಳಲ್ಲ.

ಇನ್ನೊಂದು ಪ್ರಶ್ನೆ ಹಸಿವಿನದ್ದು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944-45, ಜರ್ಮನ್ನರು ಪಶ್ಚಿಮದ ಊರುಗಳಿಗೆ ಆಹಾರ ಬಾರದಂತೆ ತಡೆದರು. ಜನ ಟುಲಿಪ್ ಗಡ್ಡೆ, ಸಕ್ಕರೆ ಬೀಟ್ ಬೇಯಿಸಿ ತಿಂದರು. ಸುಮಾರು 20 ಸಾವಿರ ಜನ ಸತ್ತರು. ನನ್ನ ವಾರ್ಡಿಗೆ ಬರುವ ತೊಂಬತ್ತರ ಅಜ್ಜಿಯರು ಈಗಲೂ ತಟ್ಟೆಯಲ್ಲಿ ಒಂದು ಆಲೂಗಡ್ಡೆ ಬಿಡಲ್ಲ. ಡಾಮ್ ಹೆಂಗಸರನ್ನು 1983-86ರಲ್ಲಿ ಕೇಳಿದರು: ಆಗ ಎಷ್ಟು ಹಸಿದಿದ್ದಿರಿ, ಎಷ್ಟು ಚಳಿ ತಿಂದಿರಿ, ತೂಕ ಇಳಿದಿತ್ತಾ?

ಇಲಿಗಳಿಗೆ ಆಹಾರ ಕಡಿಮೆ ಮಾಡಿದರೆ ಗೆಡ್ಡೆ ಕಡಿಮೆ ಆಗುತ್ತೆ, ಆದ್ದರಿಂದ ಹಸಿದವರಿಗೆ ಕ್ಯಾನ್ಸರ್ ಕಡಿಮೆ ಇರಬೇಕು ಅಂತ ಎಣಿಕೆ. ಸುಮಾರು 15 ಸಾವಿರ ಹೆಂಗಸರ ಲೆಕ್ಕ 2004ರಲ್ಲಿ ಬಂದಾಗ ಅದು ಉಲ್ಟಾ! ತೀರಾ ಹಸಿದವರಲ್ಲಿ ಸ್ತನ ಕ್ಯಾನ್ಸರ್ ಸುಮಾರು ಒಂದೂವರೆ ಪಟ್ಟು, ಎರಡರಿಂದ ಒಂಬತ್ತು ವರ್ಷದೊಳಗೆ ಹಸಿದವರಲ್ಲಿ ಇನ್ನೂ ಹೆಚ್ಚು. ಹಸಿವಿನ ಹಿಂದೆಯೇ ಹೊಟ್ಟೆ ತುಂಬ ಊಟ ಸಿಕ್ಕಿದ್ದು ಹಾರ್ಮೋನನ್ನು ಏರುಪೇರು ಮಾಡಿರಬಹುದು ಅನ್ನೋದು ಅವರ ಊಹೆ. ಒಂದು ಅಧ್ಯಯನದಿಂದ ಎಲ್ಲ ತೀರ್ಮಾನ ಆಗಲ್ಲ. ಆದರೆ "ಕಷ್ಟದಲ್ಲಿ ಬೆಳೆದ ಮೈಗೆ ಬರಲ್ಲ" ಅನ್ನುವ ನಮ್ಮ ಧೈರ್ಯಕ್ಕೆ ಇಲ್ಲಿ ಆಧಾರ ಇಲ್ಲ.

ಹಾಗಾದರೆ ದೊಡ್ಡಮ್ಮ ಹೇಳಿದ್ದರಲ್ಲಿ ಸರಿ ಯಾವುದು? ಹಾಲು ಕುಡಿಸಿದ್ದು. 30 ದೇಶಗಳ 47 ಅಧ್ಯಯನ ಒಟ್ಟು ಮಾಡಿ 2002ರಲ್ಲಿ ಹೇಳಿದ ಪ್ರಕಾರ, ಒಟ್ಟು ಹನ್ನೆರಡು ತಿಂಗಳು ಹಾಲುಣಿಸಿದರೆ ಅಪಾಯ ಶೇ. 4.3ರಷ್ಟು ಇಳಿಯುತ್ತೆ. ಮೈ ಬಗ್ಗಿಸಿ ದುಡಿದದ್ದೂ ಒಳ್ಳೇದೇ. ಇವು ಅಪಾಯ ಇಳಿಸುತ್ತವೆ, ಬಾಗಿಲು ಮುಚ್ಚಲ್ಲ. ಮುಟ್ಟು ನಿಂತ ಮೇಲೆ ತೂಕ ಏರಿದರೆ ಅಪಾಯ ಏರುತ್ತೆ (ಡಿ ವಾರ್ಡ್ ಇದನ್ನು ಆ ಕಾಲದಲ್ಲೇ ಹಿಂದೆ ಬಿದ್ದು ನೋಡಿದ್ದರು), ಮದ್ಯದಿಂದಲೂ ಏರುತ್ತೆ. ಬೇಗ ಮೈನೆರೆದದ್ದು, ತಡವಾಗಿ ಮುಟ್ಟು ನಿಂತದ್ದು, ವಯಸ್ಸು, ಇವು ನಮ್ಮ ಕೈಯಲ್ಲಿಲ್ಲ. ವಂಶದಿಂದ ಬರುವ ಬಿಆರ್‌ಸಿಎ ಜೀನ್ ದೋಷ ಅಪ್ಪನ ಕಡೆಯಿಂದಲೂ ಬರಬಹುದು. ಆದರೆ ಬಹುತೇಕರಿಗೆ ಮನೆಯಲ್ಲಿ ಯಾರಿಗೂ ಇರದೇ ಬರುತ್ತೆ.

ಮ್ಯಾಮೋಗ್ರಾಂ ದೇವರಲ್ಲ. ಸುಮ್ಮನೆ ಗಾಬರಿ ಹುಟ್ಟಿಸುವ ವರದಿಯೂ ಬರುತ್ತೆ, ದಟ್ಟ ಎದೆಯಲ್ಲಿ ಗೆಡ್ಡೆ ಅಡಗಿಕೊಳ್ಳುತ್ತೆ. ನಮ್ಮೂರಿಗೆ ಟ್ರೈಲರ್ ಬರೋದನ್ನು ಕಾಯಬೇಕಾಗಿಯೂ ಇಲ್ಲ. ಮುಂಬೈಯ ಟಾಟಾ ಮೆಮೋರಿಯಲ್‌ನವರು 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆಸಿದ ಅಧ್ಯಯನದಲ್ಲಿ ಯಂತ್ರವೇ ಇರಲಿಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಲ್ಲಿ ಮುಟ್ಟಿ ನೋಡಿದರು, ಅಷ್ಟೇ. 2021ರ ಫಲಿತಾಂಶದಲ್ಲಿ 50 ದಾಟಿದವರಲ್ಲಿ ಸಾವು ಸುಮಾರು ಶೇ. 30 ಇಳಿದಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಸಾವು ಇಳಿದದ್ದು ಕಾಣಲಿಲ್ಲ, ಕಾಯಿಲೆ ಬೇಗ ಸಿಕ್ಕಿತು. ಸರ್ಕಾರದ 2016ರ ನಿಯಮದ ಪ್ರಕಾರ 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಈ ಕೈ ಪರೀಕ್ಷೆ ಆಗಬೇಕು.

ದೊಡ್ಡಮ್ಮನ ಮಗಳು, ನಮ್ಮ ಅಕ್ಕ, ಹೋದ ಭಾನುವಾರ ಫೋನಿನಲ್ಲಿ ದನಿ ತಗ್ಗಿಸಿ "ನನಗೂ ಬರುತ್ತಾ?" ಅಂದಳು. ಬರುತ್ತೆ, ಬರಲ್ಲ ಎರಡೂ ಹೇಳೋಕಾಗಲ್ಲ ಅಂದೆ. ಅಮ್ಮನಿಗೆ ಯಾವ ವಯಸ್ಸಿಗೆ ಬಂತು ಅಂತ ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ ಹತ್ತಿರ ಹೋಗು, ಗಂಟು, ಚರ್ಮ ಒಳಗೆ ಎಳೆದ ಗುಳಿ, ತೊಟ್ಟಿನಿಂದ ರಕ್ತ ಏನಾದರೂ ಕಂಡರೆ ನೋವಿಲ್ಲದಿದ್ದರೂ ಅದೇ ವಾರ ಹೋಗು ಅಂದೆ. ನಾಳಿದ್ದು ಅತ್ತಿಗೆ ಜೊತೆ ಹೋಗುತ್ತಾಳಂತೆ. ಯಾರಾದರೂ ಜೊತೆಗೆ ಹೋಗುವವರಿದ್ದರೆ ಅವಳಿಗೆ ಫೋನ್ ಮಾಡಿ, ಆಟೋದಲ್ಲಿ ಇನ್ನೊಬ್ಬರಿಗೆ ಜಾಗ ಇದೆ. ಇಲ್ಲಿ ಕೇಳೋಕೆ ಸಂಕೋಚ ಆದರೆ ನನಗೆ ಮೆಸೇಜ್ ಹಾಕಿ. ಈ ವಾರ ನೈಟ್ ಡ್ಯೂಟಿ, ಉತ್ತರ ಸ್ವಲ್ಪ ತಡ ಆಗಬಹುದು.