ಗೋಣಿನೊಳಗಿನ ಗೂಟ

ಹತ್ತು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ಬೈಕಿನಿಂದ ಬಿದ್ದ. ತಿಂಗಳಾದ ಮೇಲೆ, ತಲೆಯ ಸುತ್ತ ಲೋಹದ ಬಳೆ ತೊಟ್ಟು ಕಾಲೇಜಿಗೆ ಬಂದ. ಗೋಣು ಮುರಿದರೆ ಕಥೆ ಮುಗಿಯಿತು ಎಂದೇ ನಂಬಿದ್ದ ನಾನು ಆ ಬಳೆಯ ಚರಿತ್ರೆ ಹುಡುಕತೊಡಗಿದೆ.

ಕತ್ತಿನ ಏಳು ಮೂಳೆಗಳಲ್ಲಿ ಮೇಲಿನದಕ್ಕೆ, ಆಕಾಶ ಹೊತ್ತ ಗ್ರೀಕ್ ಪುರಾಣದ ಅಟ್ಲಾಸನ ಹೆಸರಿದೆ. ಎರಡನೆಯದು ಆಕ್ಸಿಸ್. ಅದರಿಂದ ಹಲ್ಲಿನಂತೆ ಮೇಲೆದ್ದ ಮೂಳೆ, ಬೀಸುಕಲ್ಲಿನ ಗೂಟದ ಹಾಗೆ ಅಟ್ಲಾಸಿನ ಉಂಗುರದೊಳಗೆ ನಿಂತಿದೆ. ಕತ್ತು ಅತ್ತಿತ್ತ ತಿರುಗುವುದರಲ್ಲಿ ಸುಮಾರು ಅರ್ಧ ಪಾಲು ಈ ಜೋಡಿಯದು. ಗೂಟ ಮುರಿದು ಸರಿದರೆ ಹಿಂದಿರುವ ಬೆನ್ನುಹುರಿಗೇ ಅಪಾಯ.

ಕ್ರಿ.ಪೂ. 1600ರ ಸುಮಾರಿನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್, ಕತ್ತಿನ ಮೂಳೆ ಜಾರಿ ಕೈಕಾಲು ಸ್ವಾಧೀನ ತಪ್ಪಿದವನಿಗೆ ಚಿಕಿತ್ಸೆಯಿಲ್ಲ ಎನ್ನುತ್ತದೆ. 1910ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಆಸ್‌ಗುಡ್, ಈ ಎರಡು ಮೂಳೆಗಳನ್ನು ರೇಷ್ಮೆ ದಾರದಿಂದ ಕಟ್ಟಿದ್ದನ್ನು ವರದಿ ಮಾಡಿದರು. 1939ರಲ್ಲಿ ಟೊರಾಂಟೊದ ಗ್ಯಾಲಿ, ತಂತಿ ಬಿಗಿದು ಮೂಳೆ ಕಸಿ ಮಾಡುವ ಕ್ರಮವನ್ನು ವಿವರಿಸಿದರು. 1994ರಲ್ಲಿ ಮುಂಬಯಿಯ ಗೋಯಲ್ ಮತ್ತು ಲಾಹೇರಿ ಪ್ಲೇಟು, ಸ್ಕ್ರೂಗಳ ವಿಧಾನ ಪ್ರಕಟಿಸಿದರು. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಮತ್ತು ಮೆಲ್ಚರ್ ಅದನ್ನು ಮಾರ್ಪಡಿಸಿದರು. ಇಂದು ಅದು ಗೋಯಲ್–ಹಾರ್ಮ್ಸ್ ವಿಧಾನವೆಂದೇ ಪ್ರಸಿದ್ಧ.

ಆದರೆ ಎರಡೂ ಮೂಳೆ ಬೆಸೆದರೆ ಜೀವ ಉಳಿಯುತ್ತದೆ, ಕತ್ತಿನ ಅರ್ಧ ತಿರುವು ಹೋಗುತ್ತದೆ. ಹತ್ತೊಂಬತ್ತರ ಹುಡುಗನಿಗೆ ಅದು ಇಡೀ ಬಾಳಿನ ನಷ್ಟ. ಆದ್ದರಿಂದಲೇ 1980ರ ದಶಕದ ಆರಂಭದಲ್ಲಿ ಜಪಾನಿನ ನಕನಿಶಿ, ವಿಯೆನ್ನಾದ ಬೋಲರ್ ತೋರಿದ ದಾರಿ ದೊಡ್ಡದು. ಕತ್ತಿನ ಮುಂಭಾಗದಿಂದ ಹೋಗಿ, ಮುರಿದ ಗೂಟದೊಳಗೇ ಸ್ಕ್ರೂ ಕೂರಿಸುವುದು. ಮುರಿತ ಕೂಡುತ್ತದೆ, ತಿರುವು ಉಳಿಯುತ್ತದೆ. ಎಲ್ಲ ಮುರಿತಕ್ಕೂ ಇದು ಒಗ್ಗದು. ಏಳು ವರ್ಷದೊಳಗಿನ ಮಕ್ಕಳಲ್ಲಿ ಗೂಟದ ಬುಡ ಇನ್ನೂ ಮೃದ್ವಸ್ಥಿ. ಮುರಿತ ಸಾಮಾನ್ಯವಾಗಿ ಅಲ್ಲೇ ಆಗುತ್ತದೆ. ಸರಿಯಾಗಿ ಕೂರಿಸಿ ಅಲುಗದಂತೆ ಹಿಡಿದಿಟ್ಟರೆ ಹೆಚ್ಚಿನವರಲ್ಲಿ ಕತ್ತರಿ ಹಾಕದೆಯೇ ಕೂಡಿಕೊಳ್ಳುತ್ತದೆ.

ಹಾಗೆ ಹಿಡಿದಿಡುವ ಸಾಧನವೇ ನಾನು ಕಂಡ ಬಳೆ. 1959ರಲ್ಲಿ ಕ್ಯಾಲಿಫೋರ್ನಿಯಾದ ಪೆರಿ ಮತ್ತು ನಿಕಲ್ ಅದನ್ನು ವಿವರಿಸಿದ್ದು ಪೋಲಿಯೋದಿಂದ ಕತ್ತು ನಿಲ್ಲದವರಿಗಾಗಿ. ಒಂದು ರೋಗದವರ ಊರುಗೋಲು ಇನ್ನೊಂದು ಪೆಟ್ಟಿನವರಿಗೆ ಒದಗಿತು.

ನಮ್ಮ ಹುಡುಗನ ಮೂಳೆ ಹೆಚ್ಚು ಜರುಗಿರಲಿಲ್ಲ. ವೈದ್ಯರು ಕಾದರು. ಬಳೆ ಕಳಚಿ ಎಷ್ಟೋ ದಿನಗಳಾದ ಮೇಲೆ, "ಈಗಲೂ ನೋವಿದೆಯೇನೋ?" ಎಂದು ಕೇಳಿದೆ. ಅವನು ಮಾತಾಡಲಿಲ್ಲ. ಇಲ್ಲವೆಂದು ಎಡಕ್ಕೂ ಬಲಕ್ಕೂ ತಲೆಯಾಡಿಸಿದ.