ಒಂದು ಹಿಡಿ ಸೋಪುಪುಡಿಯ ಇತಿಹಾಸ

ಮಹಿಳಾ ವಿಭಾಗದ ಇ-ಸ್ಮರಣ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂಬ ಸಂದೇಶ ಬಂದಾಗ ನನ್ನ ತಲೆಯಲ್ಲಿದ್ದದ್ದು ಹಂಪಿಯೂ ಅಲ್ಲ, ಬಾದಾಮಿಯೂ ಅಲ್ಲ. ಮುಲುಂಡಿನ ನಮ್ಮ ಮನೆಯ ವಾಷಿಂಗ್ ಮಷೀನು. ಎರಡು ತಿಂಗಳಿಂದ ಅದರ ಸುತ್ತ ಅತ್ತೆಗೂ ನನಗೂ ಸಣ್ಣದೊಂದು ಶೀತಲ ಸಮರ ನಡೆದಿತ್ತು. ಮಗಳ ಕುತ್ತಿಗೆಗೆ ಯೂನಿಫಾರ್ಮಿನ ಕಾಲರು ತಾಗುವ ಕಡೆಯೆಲ್ಲ ಕೆಂಪು ಗಂದೆ ಎದ್ದಿತ್ತು. ಚರ್ಮದ ಡಾಕ್ಟರು ಮುಲಾಮು ಬರೆಯುವ ಮೊದಲು ಕೇಳಿದರು: "ಬಟ್ಟೆಗೆ ಎಷ್ಟು ಪುಡಿ ಹಾಕುತ್ತೀರಿ?" ಯಾವ ಪುಡಿ ಎಂದಲ್ಲ, ಎಷ್ಟು ಎಂದು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮಲ್ಲಿ ಪುಡಿ ಹಾಕುವವರು ಅತ್ತೆ. ಅವರ ಅಳತೆ ಒಂದು ಹಿಡಿ. ಬಟ್ಟೆ ಜಾಸ್ತಿಯಿದ್ದರೆ ಎರಡು. ಪೊಟ್ಟಣದ ಜೊತೆ ಬಂದ ಅಳತೆಯ ಚಮಚ ಎಂದೋ ಕಡಲೆಹಿಟ್ಟಿನ ಡಬ್ಬಿ ಸೇರಿತ್ತು.

ಕಡಿಮೆ ಹಾಕೋಣ ಎಂದೆ. ಅತ್ತೆ ಮಷೀನಿನ ಗಾಜಿನ ಬಾಗಿಲು ತೋರಿಸಿ, "ನೊರಿ ಬರಲಿಲ್ಲಂದ್ರ ಅರಬಿ ಹೆಂಗ ಸ್ವಚ್ಛ ಆಗ್ತಾವ?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಅಜ್ಞಾನ ಎಂದುಕೊಂಡೆ. ಓದುತ್ತಾ ಹೋದಂತೆ ತಪ್ಪು ನನ್ನದೇ ಎಂದು ತಿಳಿಯಿತು. ನಾನು ಎಂ.ಟೆಕ್. ಮಾಡಿದ್ದು ಕಂಪ್ಯೂಟರಿನಲ್ಲಿ, ರಸಾಯನಶಾಸ್ತ್ರವನ್ನು ಬಿ.ಇ. ಮೊದಲ ವರ್ಷಕ್ಕೇ ಕೈಬಿಟ್ಟವಳು. ಆದ್ದರಿಂದ ಸರಳವಾಗಿಯೇ ಹೇಳುತ್ತೇನೆ.

ಅತ್ತೆಯ ತವರು ಗದಗ ಜಿಲ್ಲೆಯ ರೋಣದ ಕಡೆ. ಅಲ್ಲಿನ ಬಾವಿ, ಬೋರ್‌ವೆಲ್ಲುಗಳ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಬಾರ್ ಸೋಪನ್ನು ಅಂಥ ನೀರಿಗೆ ತಾಗಿಸಿದರೆ ಅದು ಮೊದಲು ಆ ಲವಣಗಳ ಜೊತೆ ಸೇರಿ ಬಿಳಿ ಜಿಗುಟಾಗಿ ಹಾಳಾಗುತ್ತದೆ. ಲವಣಗಳ ಪಾಲು ಸಂದಾಯವಾದ ಮೇಲಷ್ಟೇ ನೊರೆ ಏಳುತ್ತದೆ. ಕೊಳೆ ತೆಗೆಯಲು ಸೋಪು ಉಳಿಯುವುದೂ ಆಗಲೇ. ಅಂದರೆ ಅಲ್ಲಿ ನೊರೆ ಎನ್ನುವುದು "ಇನ್ನು ಸಾಕು" ಎಂಬ ಸೂಚನೆ. 1840ರ ದಶಕದಲ್ಲಿ ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಎಂಬ ರಸಾಯನಶಾಸ್ತ್ರಜ್ಞ ನೀರಿನ ಗಡಸುತನ ಅಳೆಯಲು ಬಳಸಿದ್ದು ಇದೇ ಉಪಾಯವನ್ನು: ಸೋಪಿನ ದ್ರಾವಣ ಹಾಕುತ್ತಾ ಹೋಗಿ, ನೊರೆ ನಿಲ್ಲುವವರೆಗೆ ಎಷ್ಟು ಬೇಕಾಯಿತು ಎಂದು ನೋಡುವುದು. ರೋಣದ ಹೆಂಗಸರು ಹಳ್ಳದ ದಂಡೆಯಲ್ಲಿ ದಿನವೂ ಮಾಡುತ್ತಿದ್ದದ್ದು ಆ ಪ್ರಯೋಗವೇ.

ಸೋಪಿನ ಇತಿಹಾಸ ಎಂದರೆ ಕನ್ನಡಿಗರಾದ ನಾವು ಮೈಸೂರು ಸ್ಯಾಂಡಲ್‌ನಿಂದ ಶುರುಮಾಡುತ್ತೇವೆ. 1918ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಸಾಬೂನು ಕಾರ್ಖಾನೆ ತೆರೆಯಿತು. ಆದರೆ ಅದು ಮೈಗೆ. ಬಟ್ಟೆಗೆ ನಮ್ಮ ಹಳ್ಳಿಗಳಲ್ಲಿ ಚೌಳು ಮಣ್ಣು, ರೇಷ್ಮೆ ಸೀರೆಗೆ ಅಂಟುವಾಳದ ಕಾಯಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಬಟ್ಟೆ ಮಡಿ ಮಾಡುತ್ತಿದ್ದ ಮಡಿವಾಳ ಮಾಚಿದೇವರ ಕಾಲದಿಂದಲೂ ಒಗೆತ ಒಂದು ಕಸುಬು, ಅದರ ಹದ ಮಡಿವಾಳರ ಕೈಯಲ್ಲಿತ್ತು. ಮುಂಬಯಿಯ ಧೋಬಿ ತಲಾವ್ ಕೆರೆ ಮುಚ್ಚಿಹೋಗಿ ಹೆಸರು ಮಾತ್ರ ಉಳಿದಿದೆ. ಮಹಾಲಕ್ಷ್ಮಿಯ ಧೋಬಿ ಘಾಟ್ ಇನ್ನೂ ಇದೆ, ಲೋಕಲ್ ರೈಲಿನಿಂದ ಇಳಿದು ಸೇತುವೆ ಮೇಲೆ ನಿಂತರೆ ಕಾಣುತ್ತದೆ.

ಕಾರ್ಖಾನೆಯ ಸೋಪು ಮನೆಗೆ ಬಂದಾಗ ಆ ಹದ ಹೆಂಗಸರ ಕೈಗೆ ಬಂತು. ಇಂಗ್ಲೆಂಡಿನ ಸನ್‌ಲೈಟ್ ಸೋಪು 1888ರಲ್ಲಿ ಕಲ್ಕತ್ತೆಯ ಬಂದರಿಗೆ ಬಂದಿತ್ತು. 1934ರಲ್ಲಿ ಲಿವರ್ ಕಂಪನಿ ನಮ್ಮ ಶಿವಡಿಯಲ್ಲೇ ಸೋಪು ತಯಾರಿಕೆ ಆರಂಭಿಸಿತು. ಬಾರ್ ಸೋಪಿನ ಒಂದು ಗುಣವನ್ನು ನಾವು ಮರೆತಿದ್ದೇವೆ: ಅದಕ್ಕೆ ಅಳತೆಯೇ ಬೇಡ. ಕಾಲರು ಕೊಳೆಯಾಗಿದ್ದರೆ ಅಲ್ಲಿ ಎರಡು ಸಲ ಉಜ್ಜುತ್ತೇವೆ, ಸಾಕೆನಿಸಿದಾಗ ಕೈ ತಾನಾಗಿ ನಿಲ್ಲುತ್ತದೆ.

1959ರಲ್ಲಿ ಸರ್ಫ್ ಬಂತು. ಇದು ಸೋಪಲ್ಲ, ಡಿಟರ್ಜೆಂಟು. ಗಡಸು ನೀರಿನಲ್ಲೂ ಜಿಗುಟಾಗದೆ ಸಲೀಸಾಗಿ ನೊರೆ ಬಿಡುವ ವಸ್ತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಹಳದಿ ನಿರ್ಮಾ ಪುಡಿ ತಯಾರಿಸಿ, ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಸರ್ಫಿಗಿಂತ ಬಹಳ ಕಡಿಮೆ ಬೆಲೆಗೆ ಮಾರತೊಡಗಿದರು. ಸೋಪುಪುಡಿ ಬಡವರ ಬಕೆಟ್ಟಿಗೂ ಇಳಿಯಿತು. ಅದರ ಜೊತೆ ಅಳತೆಯ ಸಮಸ್ಯೆಯೂ ಬಂತು. ಪುಡಿಯನ್ನು ಕೊಳೆ ನೋಡಿದ ಮೇಲಲ್ಲ, ಮೊದಲೇ ಸುರಿಯಬೇಕು. ಅತ್ತೆ ಮದುವೆಯಾಗಿ ಪರೇಲಿನ ಚಾಳಿಗೆ ಬಂದದ್ದು 1983ರಲ್ಲಿ. ಬೆಳಗಿನ ಜಾವ ನಲ್ಲಿಯಲ್ಲಿ ನೀರು, ಮೋರಿಯ ಮುಂದೆ ಸರದಿ, ಹಿಂದೆ ನಿಂತವರ ಗೊಣಗಾಟ. ಅಷ್ಟರಲ್ಲಿ ಚಮಚ ಹುಡುಕುವವರು ಯಾರು? ಹಿಡಿಯೇ ಅಳತೆಯಾಯಿತು, ನೊರೆಯೇ ಸಾಕ್ಷಿಯಾಯಿತು.

ನಿರ್ಮಾದ ಪೈಪೋಟಿ ಎದುರಿಸಲು ಸರ್ಫ್‌ನವರು ಟಿ.ವಿ.ಗೆ ತಂದ ಲಲಿತಾಜಿ ನೆನಪಿದ್ದಾರೆಯೇ? ಮುಂಬಯಿಯ ಜಾಹೀರಾತು ದಿಗ್ಗಜ ಅಲಿಕ್ ಪದಮ್‌ಸಿ ರೂಪಿಸಿದ ಪಾತ್ರ, ನಟಿಸಿದವರು ಕವಿತಾ ಚೌಧರಿ. ಆಕೆಯ ವಾದವೆಲ್ಲ ಅಳತೆಯದೇ: ಅಗ್ಗದ ಪುಡಿ ಒಂದು ಕಿಲೋ ಬೇಕಾದಲ್ಲಿ ಇದು ಅರ್ಧ ಕಿಲೋ ಸಾಕು. ನಮಗೆ ನೆನಪುಳಿದದ್ದು ಅವರ ಸೀರೆ ಮತ್ತು ಗತ್ತು. ಲೆಕ್ಕ ಮಾತ್ರ ಮರೆತುಹೋಯಿತು. ತಮಾಷೆಯೆಂದರೆ, ಬಿಳಿ ಬಟ್ಟೆಗೆ ಉಜಾಲಾ ನೀಲಿಯನ್ನು ಹನಿ ಎಣಿಸಿ ಹಾಕುತ್ತಿದ್ದ ನಮ್ಮ ಮನೆಗಳಲ್ಲೇ ಪುಡಿಯನ್ನು ಎಂದೂ ಅಳೆಯಲಿಲ್ಲ.

ಇತ್ತ ನೀರೂ ಬದಲಾಗಿತ್ತು. ಮುಂಬಯಿಗೆ ಕೆರೆಗಳ ನೀರು: 1860ರ ವಿಹಾರ್, 1879ರ ತುಳಸಿ, 1892ರ ತಾನ್ಸಾ, ಇತ್ತೀಚೆಗೆ 2014ರ ಮಧ್ಯ ವೈತರಣಾ. ಬೆಟ್ಟದ ಮೇಲೆ ಬಿದ್ದ ಮಳೆಯೇ ನಿಂತು ಹರಿದು ಬರುವ ಈ ನೀರು ರೋಣದ ನೀರಿನ ಮುಂದೆ ಬಲು ಮೃದು. ಇಲ್ಲಿ ಚಿಟಿಕೆ ಪುಡಿಗೂ ನೊರೆ ಬರುತ್ತದೆ. ಅಷ್ಟೇ ಅಲ್ಲ, ಡಿಟರ್ಜೆಂಟಿನಲ್ಲಿ ನೊರೆಗೂ ಕೊಳೆಗೂ ಆ ಹಳೆಯ ಸಂಬಂಧವೇ ಇಲ್ಲ. ಅದರ ಅಣುವಿನ ಒಂದು ತುದಿ ನೀರಿನ ನೆಂಟ, ಇನ್ನೊಂದು ತುದಿ ಎಣ್ಣೆಯ ನೆಂಟ; ಜಿಡ್ಡನ್ನು ಹಿಡಿದು ನೀರಿಗೆ ಎಳೆಯುವುದು ಅದರ ಕೆಲಸ. ಕೊಳೆಗೆ ಬೇಕಾದಷ್ಟು ಅಣುಗಳು ಸೇರಿದ ಮೇಲೆ ಸುರಿದದ್ದರಲ್ಲಿ ಸ್ವಲ್ಪ ಬಟ್ಟೆಯಲ್ಲೇ ಉಳಿಯಬಹುದು.

ಫ್ರಂಟ್ ಲೋಡ್ ಮಷೀನಿನಲ್ಲಿ ಇದು ಇನ್ನೂ ಕೆಡುತ್ತದೆ. ಅದು ಕಡಿಮೆ ನೀರಿನಲ್ಲಿ ಬಟ್ಟೆಯನ್ನು ಮೇಲೆತ್ತಿ ಕೆಳಗೆ ಬೀಳಿಸುತ್ತದೆ; ಹಿಂದೆ ಕಲ್ಲಿಗೆ ಬಡಿಯುತ್ತಿದ್ದೆವಲ್ಲ, ಅದೇ ಕೆಲಸ. ನೊರೆ ಹೆಚ್ಚಾದರೆ ಅದು ಹಾಸಿಗೆಯಂತಾಗಿ ಪೆಟ್ಟು ಬೀಳುವುದಿಲ್ಲ. ಕೊನೆಗೆ ಜಾಲಿಸುವ ನೀರೂ ಸಾಲುವುದಿಲ್ಲ. ಟವೆಲ್ಲು ಬಿರುಸಾಗುವುದು, ಮಷೀನು ವಾಸನೆ ಹೊಡೆಯುವುದು, ಕಾಲರಿನ ತುರಿಕೆ, ಇವುಗಳ ಹಿಂದೆ ಎಷ್ಟೋ ಸಲ ಇರುವುದು ಇದೇ.

ನಮ್ಮ ಡ್ರೈನಿನಿಂದ ಮುಂದೆ ಹೋದದ್ದರ ಗತಿಯನ್ನು 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆ ತೋರಿಸಿತು. ಸಂಸ್ಕರಿಸದ ಕೊಳಚೆಯ ಜೊತೆ ಹರಿದ ಡಿಟರ್ಜೆಂಟಿಗೂ ಅದರಲ್ಲಿ ಪಾಲಿತ್ತು. ನೊರೆ ರಸ್ತೆಗೆ ಹಾರಿ ಬಂತು, ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿಯೂ ಹತ್ತಿತು.

ಇದನ್ನೆಲ್ಲ ಅತ್ತೆಗೆ ಉಪನ್ಯಾಸ ಮಾಡಲಿಲ್ಲ. ಒಂದು ಭಾನುವಾರ ಒಗೆದು ಒಣಗಿದ ನಾಲ್ಕು ಟವೆಲ್ಲುಗಳನ್ನು ಪುಡಿ ಹಾಕದೆ ಮತ್ತೆ ಮಷೀನಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಗಾಜಿನ ಹಿಂದೆ ನೊರೆ. ಅತ್ತೆ ಕುರ್ಚಿ ಎಳೆದುಕೊಂಡು ಕೂತು ಸುಮಾರು ಹೊತ್ತು ನೋಡಿದರು. "ಇಷ್ಟು ದಿನ ಸೋಪಿನ್ಯಾಗ ಮೈ ಒರಸ್ಕೊಂಡ್ವಿ ಅನ್ನು," ಎಂದವರು ಮೊಮ್ಮಗಳನ್ನು ಕರೆದು ಕುತ್ತಿಗೆ ನೋಡಿದರು. ನನಗೆ ಗೆದ್ದೆ ಅನಿಸಲಿಲ್ಲ. ರೋಣದಲ್ಲಿ ಕಲಿತದ್ದು ರೋಣಕ್ಕೆ ಸರಿಯಾಗಿಯೇ ಇತ್ತು ಎಂದು ಹೇಳಿದೆ, ಕ್ಲಾರ್ಕನ ಕಥೆಯನ್ನೂ ಹೇಳಿದೆ. ಆ ಕಥೆ ಅವರಿಗೆ ಬಹಳ ಹಿಡಿಸಿತು.

ಚಮಚವನ್ನು ಕಡಲೆಹಿಟ್ಟಿನಿಂದ ತೆಗೆದು ತೊಳೆದೆವು. ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಬಂದು, ನಮ್ಮ 7 ಕಿಲೋ ಮಷೀನು ತುಂಬಿದರೆ ಒಂದು ಸಮ ಚಮಚಕ್ಕೆ, ಅರ್ಧವಿದ್ದರೆ ಅರ್ಧಕ್ಕೆ ನಿಂತಿದ್ದೇವೆ. ನೀರು ಕಡಿತದ ದಿನ ಸೊಸೈಟಿಗೆ ಬೋರಿನ ನೀರಿನ ಟ್ಯಾಂಕರ್ ಬಂದರೆ ಅತ್ತೆ ಇನ್ನರ್ಧ ಸೇರಿಸುತ್ತಾರೆ. ಮಗಳ ಗಂದೆ ಇಳಿದಿದೆ. ಮುಲಾಮಿನ ಪಾಲೆಷ್ಟು, ಚಮಚದ ಪಾಲೆಷ್ಟು ಎಂದು ವಿಂಗಡಿಸಲು ಹೋಗಿಲ್ಲ.

ಮೊನ್ನೆ ಊರಿಂದ ಅತ್ತೆಯ ತಂಗಿ ಫೋನು ಮಾಡಿದ್ದರು. ಅವರ ಮನೆಗೂ ಮಷೀನು ಬಂದಿದೆಯಂತೆ, ಪುಡಿ ಎಷ್ಟು ಹಾಕಬೇಕು ಎಂದು ಕೇಳಿದರು. ಅತ್ತೆ ಕನ್ನಡಕ ಸರಿಮಾಡಿಕೊಂಡು, "ಮೊದಲ ಹೇಳು, ನಿಮ್ಮಲ್ಲಿ ನೀರು ಬೋರಿಂದೋ ನಲ್ಲೀದೋ?" ಎಂದರು.